ಮೂವತ್ತೊಂದು ಸೋಲು ಕಂಡ ಚಾಂಪಿಯನ್ ತಂಡ

ಕ್ರಿಕೆಟ್ ನೋಡುತ್ತಾ ಬೆಳೆದ ನನಗೆ ಬೇಸ್‌ಬಾಲ್‌ನ ರುಚಿ ಹತ್ತಿಸಿದ್ದು ಕ್ಯಾಲಿಫೋರ್ನಿಯಾದ ಫ್ರೆಸ್ನೋ ಸ್ಟೇಟ್ ವಿಶ್ವವಿದ್ಯಾಲಯದ 2008ರ ತಂಡ. ಆ ವರ್ಷ 47 ಪಂದ್ಯ ಗೆದ್ದು 31 ಸೋತ ತಂಡ ಅಮೆರಿಕದ ಕಾಲೇಜು ಬೇಸ್‌ಬಾಲ್‌ನ ಕಿರೀಟ ತೊಟ್ಟಿತು. ಅದಕ್ಕೂ ಮೊದಲು ಇಷ್ಟು ಸೋಲು ಕಂಡ ಯಾವ ತಂಡವೂ ಚಾಂಪಿಯನ್ ಆಗಿರಲಿಲ್ಲ.

ಮೈಕ್ ಬೇಟ್ಸೋಲ್ ತರಬೇತಿಯ ಈ ತಂಡ ಮೊದಲ 20 ಪಂದ್ಯಗಳಲ್ಲಿ ಗೆದ್ದದ್ದು ಎಂಟನ್ನು ಮಾತ್ರ. ಮುಖ್ಯ ಪಿಚರ್, ಅಂದರೆ ಚೆಂಡೆಸೆಯುವ ಆಟಗಾರ, ಟ್ಯಾನರ್ ಶೆಪರ್ಸ್ ಗಾಯಗೊಂಡು ಹೊರಗುಳಿದಿದ್ದರು. 64 ತಂಡಗಳನ್ನು ನಾಲ್ಕು ನಾಲ್ಕರಂತೆ ಹದಿನಾರು ಗುಂಪು ಮಾಡುವ ರಾಷ್ಟ್ರೀಯ ಟೂರ್ನಿಯಲ್ಲಿ ಇವರು ತಮ್ಮ ಗುಂಪಿನ ಕಟ್ಟಕಡೆಯ ಶ್ರೇಯಾಂಕದವರು. ಆದರೂ ಆ ಗುಂಪನ್ನು ಗೆದ್ದು, ಮುಂದಿನ ಸುತ್ತಿನಲ್ಲಿ ಬಲಿಷ್ಠ ಅರಿಜೋನಾ ಸ್ಟೇಟ್ ತಂಡಕ್ಕೆ ಮೊದಲ ಪಂದ್ಯ ಸೋತು, ಉಳಿದೆರಡನ್ನೂ ಗೆದ್ದು ಟೂರ್ನಿಯ ಕೊನೆಯ ಎಂಟು ತಂಡಗಳು ಸೆಣಸುತ್ತಿದ್ದ ಒಮಾಹಾದ ರೋಸನ್‌ಬ್ಲಾಟ್ ಕ್ರೀಡಾಂಗಣ ತಲುಪಿದರು.

ಅಲ್ಲಿ ರೈಸ್ ತಂಡವನ್ನು 17-5ರಿಂದ ಮಣಿಸಿದರು. ನಾರ್ತ್ ಕ್ಯಾರೊಲಿನಾವನ್ನು ಒಮ್ಮೆ ಸೋಲಿಸಿ, ಒಮ್ಮೆ ಸೋತು, ಮತ್ತೆ ಸೋಲಿಸಿದರು. ಒಂದು ಸೋಲಿಗೇ ಮನೆಗೆ ಕಳಿಸದ ಈ ಪದ್ಧತಿಯನ್ನು ಅದೃಷ್ಟವೆಂದು ಕರೆಯುವವರುಂಟು. ನಾನು ಒಪ್ಪುವುದಿಲ್ಲ, ಸೋತ ಮರುದಿನ ಅದೇ ಎದುರಾಳಿಯ ಮುಂದೆ ನಿಂತು ಆಡುವುದು ಸುಲಭದ ಕೆಲಸವಲ್ಲ, ಮತ್ತು ಇಡೀ ವಸಂತವೆಲ್ಲ ಸೋತು ಏಳುವುದನ್ನೇ ಅಭ್ಯಾಸ ಮಾಡಿಕೊಂಡಿದ್ದ ಈ ಹುಡುಗರಿಗೆ ಅದು ಕೈವಶವಾಗಿತ್ತು.

ಮೂರು ಪಂದ್ಯಗಳ ಫೈನಲ್‌ನಲ್ಲೂ ಹಾಗೆಯೇ ಆಯಿತು. ಜಾರ್ಜಿಯಾ ಮೊದಲನೆಯದನ್ನು 7-6ರಿಂದ ಗೆದ್ದಿತು. ಎರಡನೆಯದರಲ್ಲಿ ಆರಂಭದಲ್ಲೇ ಹಿಂದೆ ಬಿದ್ದ ಫ್ರೆಸ್ನೋ 19-10ರಿಂದ ಗೆದ್ದಿತು. ಜೂನ್ 25ರ ರಾತ್ರಿಯ ಕೊನೆಯ ಪಂದ್ಯದ ರೆಕಾರ್ಡಿಂಗನ್ನು ನಾನು ಹಲವು ಬಾರಿ ನೋಡಿದ್ದೇನೆ. ಸಾಕಷ್ಟು ವಿಶ್ರಾಂತಿಯಿಲ್ಲದೆ ಬಂದ ಫ್ರೆಸ್ನೋದ ಪಿಚರ್ ಜಸ್ಟಿನ್ ವಿಲ್ಸನ್ ಒಂಬತ್ತು ಇನಿಂಗ್ಸ್‌ಗಳ ಆಟದಲ್ಲಿ 129 ಎಸೆತಗಳಿಂದ ಎಂಟು ಇನಿಂಗ್ಸ್ ನಿಭಾಯಿಸಿ, ಬಿಟ್ಟುಕೊಟ್ಟದ್ದು ಒಂದೇ ರನ್. ಇತ್ತ ಹೆಬ್ಬೆರಳಿನ ಅಸ್ಥಿರಜ್ಜು ಹರಿದಿದ್ದರೂ ಆಡುತ್ತಿದ್ದ ಸ್ಟೀವ್ ಡೆಟ್‌ವೈಲರ್ ನಾಲ್ಕು ಬಾರಿ ಬ್ಯಾಟ್ ಹಿಡಿದು ನಾಲ್ಕೂ ಬಾರಿ ಚೆಂಡನ್ನು ಸರಿಯಾಗಿ ಬಾರಿಸಿದರು; ಅದರಲ್ಲಿ ಎರಡು ಹೋಮ್ ರನ್, ನಮ್ಮ ಸಿಕ್ಸರ್‌ನಂತೆ ಬೇಲಿ ದಾಟುವ ಹೊಡೆತ. 6-1ರ ಆ ಗೆಲುವಿನಲ್ಲಿ ಆರೂ ರನ್‌ಗಳು ಬಂದದ್ದು ಅವರ ಹೊಡೆತಗಳಿಂದಲೇ.

ಕೊನೆಯಲ್ಲಿ ಜಾರ್ಜಿಯಾದ ಆಟಗಾರನೊಬ್ಬ ಎತ್ತಿ ಹೊಡೆದ ಚೆಂಡು ಮೈದಾನದ ಬಲ ಅಂಚಿನ ರೈಟ್ ಫೀಲ್ಡ್‌ನತ್ತ ಬಂದಿತು. ಅಲ್ಲಿ ನಿಂತಿದ್ದವರೂ ಡೆಟ್‌ವೈಲರ್ ಅವರೇ. ಚೆಂಡು ಅವರ ಗ್ಲೌಸ್‌ಗೆ ಬಿದ್ದ ಕೂಡಲೇ ಉಳಿದವರೆಲ್ಲ ಮೈದಾನದ ನಡುವೆ ಒಬ್ಬರ ಮೇಲೊಬ್ಬರು ಬಿದ್ದರು.