ಬ್ರೇಸ್ ಬಿಚ್ಚಿದ ಡೇಟ್ ಸ್ಲಿಪ್ಪಲ್ಲಿ ಬರೀರಿ

ನಾನು ಮಂಗ್ಳೂರಲ್ಲಿ ಒಂದು ಡೆಂಟಲ್ ಲ್ಯಾಬಲ್ಲಿ ಆರ್ಥೋ ಟೇಬಲ್, ಅಂದ್ರೆ ಹಲ್ಲು ನೇರ ಮಾಡುವ ಕೆಲ್ಸದ ಟೇಬಲ್ ನೋಡ್ಕೊಳ್ಳೋದು. ಹಾಲೀ, ಎಸಿಕ್ಸ್ ಅನ್ನುವ ರಿಟೇನರ್‌ಗಳು, ದವಡೆ ಅಗಲ ಮಾಡುವ ಎಕ್ಸ್‌ಪಾನ್ಶನ್ ಪ್ಲೇಟ್ ಎಲ್ಲ ನಮ್ಮ ಕೈಯಿಂದ್ಲೇ ಹೋಗ್ತದೆ. ಕ್ರೌನ್ ಬ್ರಿಡ್ಜ್‌ನವರಿಗಿರುವ ಬೆಲೆ ನಮಗಿಲ್ಲ, ರಿಟೇನರ್ ಅಂದ್ರೆ ಬ್ರೇಸ್ ಬಿಚ್ಚಿದ ಮೇಲೆ ಹಲ್ಲು ಹಳೇ ಜಾಗಕ್ಕೆ ಹೋಗದ ಹಾಗೆ ಹಾಕೋದು, ಆದ್ರೆ ಅದು ಕ್ಲಿನಿಕ್‌ನವರಿಗೆ ಕೊನೆಗೆ ಕೊಡುವ ಒಂದು ಪ್ಲಾಸ್ಟಿಕ್, ಬಿಲ್ಲಲ್ಲೂ ಕೊನೇ ಲೈನು. ಕಳೆದ ಮಳೆಗಾಲದ ಒಂದು ಕೇಸ್ ನೆನೆಸಿದ್ರೆ ನಂಗೆ ಈಗ್ಲೂ ಹೊಟ್ಟೆ ಉರೀತದೆ.

ಪೇಶಂಟ್ ಒಬ್ಳು ಸ್ಟಾಫ್ ನರ್ಸ್. ದುಬೈಯಲ್ಲಿ ಕೆಲ್ಸ ಸಿಕ್ಕಿದೆ, ಮರುದಿನ ಸಂಜೆ ಬಜ್ಪೆಯಿಂದ ಫ್ಲೈಟ್. ಅಪ್ಪರ್ ಎಸಿಕ್ಸ್, ಅಂದ್ರೆ ಮೇಲಿನ ಹಲ್ಲಿನ ಪ್ಲಾಸ್ಟಿಕ್ ರಿಟೇನರ್, ನಾವು ಮಾಡಿ ಕಳ್ಸಿ ಆಗಿತ್ತು. ಸಂಜೆ ಹೊತ್ತಿಗೆ ಕ್ಲಿನಿಕ್ ಮ್ಯಾನೇಜರ್ ಫೋನ್ ಬಂತು, "ಎಂತ ಮಾರಾಯ್ರೆ ನಿಮ್ಮ ಕೆಲ್ಸ, ಕೂತ್ಕೊಳ್ಳೋದೇ ಇಲ್ಲ, ಪೇಶಂಟ್ ಚೇರಲ್ಲಿದ್ದಾರೆ, ನೀವೇ ಬಂದು ನೋಡಿ." ಕಾಸ್ಟನ್ನು (ಅವ್ಳ ಹಲ್ಲಿನ ಅಚ್ಚಿಂದ ಎರೆದ ಮಾದರಿ) ಬ್ಯಾಗಿಗೆ ಹಾಕಿ ಹೊರಟೆ. ಮಳೆ ಬೇರೆ, ಪಂಪ್‌ವೆಲ್ ಹತ್ರ ನೀರು ನಿಂತು ಗಾಡಿಗಳು ಅಲ್ಲಾಡ್ತಾ ಇಲ್ಲ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಕಾಸ್ಟೇ ಸರಿ ಇರ್ಲಿಕ್ಕಿಲ್ಲ. ಹಲ್ಲಿನ ಅಚ್ಚು ತೆಗೆಯುವ ಆಲ್ಜಿನೇಟ್ ಬಾಯಿಂದ ತೆಗ್ದ ಮೇಲೆ ತಡ ಮಾಡದೆ ಸ್ಟೋನ್, ಅಂದ್ರೆ ಗಟ್ಟಿ ಜಿಪ್ಸಮ್, ಹಾಕ್ಬೇಕು, ಹಾಗೇ ಬಿಟ್ರೆ ನೀರು ಬಿಟ್ಟು ಕುಗ್ತದೆ, ಆ ಕ್ಲಿನಿಕ್ಕಲ್ಲಿ ಪೋರ್ ಮಾಡುವ ಹುಡುಗ ಹೊಸಬ, ಟ್ರೇ ಸಿಂಕ್ ಹತ್ರ ಇಟ್ಟು ಬೇರೆ ಕೆಲ್ಸಕ್ಕೆ ಹೋಗಿರ್ತಾನೆ ಅಂತ ನಾನು ಖಚಿತ ಮಾಡ್ಕೊಂಡು ಬಿಟ್ಟಿದ್ದೆ. ಮ್ಯಾನೇಜರಿಗೆ ಫೋನಲ್ಲೇ ಹಾಗೆ ಹೇಳಿಯೂ ಆಗಿತ್ತು.

ಹೋಗಿ ನೋಡಿದ್ರೆ ಆರ್ಥೋ ಡಾಕ್ಟ್ರು ಗ್ಲೌಸ್ ಹಾಕಿ ನಿಂತಿದ್ದಾರೆ (ಅವ್ರು ಕನ್ಸಲ್ಟೆಂಟ್, ವಾರಕ್ಕೆ ಎರಡು ದಿನ ಮಾತ್ರ ಅಲ್ಲಿಗೆ ಬರೋದು), ಬಾಗಿಲಲ್ಲಿ ಮ್ಯಾನೇಜರ್, ಚೇರಲ್ಲಿ ಆ ಹುಡುಗಿ. ಯಾರೂ ಮಾತಾಡ್ತಿಲ್ಲ. ಮೊದ್ಲು ರಿಟೇನರನ್ನು ಕಾಸ್ಟ್ ಮೇಲೆ ಕೂರಿಸಿದೆ, ಟಕ್ ಅಂತ ಕೂತಿತು, ಎಲ್ಲೂ ಆಡ್ಲಿಲ್ಲ. ಆಮೇಲೆ ಡಾಕ್ಟ್ರು ಬಾಯಲ್ಲಿ ಹಾಕಿ ಲೈಟ್ ಹತ್ರ ತಂದ್ರು. ಮೋಲಾರ್ ಎರಡೂ ಕಡೆ ಕೂತಿದೆ, ಕೆನೈನ್ ಕೂತಿದೆ, ಬಲಗಡೆ ಲ್ಯಾಟರಲ್ (ನಡುವಿನ ಮುಂದಿನ ಹಲ್ಲಿನ ಪಕ್ಕದ್ದು) ಒಂದೇ ಕೂತಿಲ್ಲ. ಆ ಹಲ್ಲಿನ ತುದಿಗೂ ಪ್ಲಾಸ್ಟಿಕ್ಕಿಗೂ ಮಧ್ಯ ಸಣ್ಣ ಸಂದು, ಅರ್ಧ ಮಿಲಿಮೀಟರ್ ಸಹ ಇರ್ಲಿಕ್ಕಿಲ್ಲ. ಬೆರಳಲ್ಲಿ ಒತ್ತಿದ್ರೆ ಸಂದು ಮುಚ್ತದೆ, ಅವ್ಳ ಕಣ್ಣಲ್ಲಿ ನೀರು ಬರ್ತದೆ, ಬಿಟ್ರೆ ಪುನಃ ಸಂದು.

ಅಲ್ಲಿಗೆ ನನ್ನ ಲೆಕ್ಕ ತಪ್ಪು ಅಂತ ಗೊತ್ತಾಯ್ತು. ಇಂಪ್ರೆಷನ್, ಅಂದ್ರೆ ಆ ಆಲ್ಜಿನೇಟ್ ಅಚ್ಚು, ಕುಗ್ಗಿದ್ರೆ ಇಡೀ ರಿಟೇನರೇ ಹಿಡೀಬೇಕಿತ್ತು, ಮೋಲಾರಲ್ಲೂ ಆಡ್ಬೇಕಿತ್ತು. ಒಂದೇ ಹಲ್ಲಲ್ಲಿ ಮಾತ್ರ ಸಂದು ಅಂದ್ರೆ ಕಾಸ್ಟ್ ಸರಿಯೇ ಉಂಟು, ಹಲ್ಲು ಹೋಗಿದೆ. "ಡಾಕ್ಟ್ರೇ, ಈ ಲ್ಯಾಟರಲ್ ಮೊದ್ಲು ತಿರುಗಿತ್ತಾ?" ಅಂತ ಕೇಳಿದೆ. ಅವ್ರು ಹಳೇ ಫೋಟೋ ತೆಗ್ದು ತೋರಿಸಿದ್ರು, ಭಾರಿ ತಿರುಗಿತ್ತು. "ಬ್ರೇಸ್ ಬಿಚ್ಚಿದ್ದು ಯಾವತ್ತು?" ಮ್ಯಾನೇಜರ್, "ಅದು ನಿಮ್ಗೆ ಯಾಕೆ" ಅಂತ ಶುರು ಮಾಡ್ಲಿಕ್ಕೆ ಹೊರಟ್ರು, ಆ ಹುಡುಗಿಯೇ ಹೇಳಿದ್ಳು, "ಎರಡು ವಾರ ಆಯ್ತಣ್ಣ. ದಿನಾ ಫೋನ್ ಮಾಡ್ತಿದ್ದೆ, ಲ್ಯಾಬಿಂದ ಬಂದಿಲ್ಲ ಅಂತ ಹೇಳ್ತಿದ್ರು."

ಲ್ಯಾಬಿಂದ ಬಂದಿಲ್ಲ! ನಮ್ಗೆ ಕಾಸ್ಟ್ ಬಂದದ್ದೇ ಮೊನ್ನೆ ಮೊನ್ನೆ. ಆಗಿದ್ದು ಎಂತ ಅಂದ್ರೆ ಅವ್ಳ ಕೊನೇ ಇನ್‌ಸ್ಟಾಲ್ಮೆಂಟ್ ಬಾಕಿ ಇತ್ತು, ಅದು ಬರುವವರೆಗೆ ಕಾಸ್ಟನ್ನು ರಿಸೆಪ್ಷನ್ ಶೆಲ್ಫಲ್ಲಿ ಇಟ್ಕೊಂಡಿದ್ರು. ಸಂಬಳ ಬಂದ ದಿನ ಅವ್ಳು ದುಡ್ಡು ಕಟ್ಟಿದ್ಳು, ಮರುದಿನ ಲ್ಯಾಬಿಗೆ ಆರ್ಡರ್ ಸ್ಲಿಪ್ ಬರ್ದು ಕಾಸ್ಟ್ ಕಳ್ಸಿದ್ರು, ಸ್ಲಿಪ್ಪಲ್ಲಿ ಇದ್ದದ್ದು ಕಳ್ಸಿದ ಡೇಟ್. ಸ್ವಂತ ದುಡಿಮೆಯಲ್ಲಿ ತಿಂಗ್ಳು ತಿಂಗ್ಳು ಕಟ್ಟಿ ಹಲ್ಲು ಸರಿ ಮಾಡ್ಸಿಕೊಂಡವಳನ್ನು ಎರಡು ವಾರ ಬರೀ ಬಾಯಲ್ಲಿ ಬಿಟ್ಟದ್ದು, ಮೇಲಿಂದ ಸುಳ್ಳು ಬೇರೆ.

ಡಾಕ್ಟ್ರು ಮ್ಯಾನೇಜರನ್ನು ಒಳಗೆ ಕರ್ದು ಸರಿಯಾಗಿ ಹೇಳಿದ್ರು. ಬ್ರೇಸ್ ತೆಗ್ದಾಗ ಹಲ್ಲು ನೇರ ಕಾಣ್ತದೆ ಅಷ್ಟೇ, ಬೇರನ್ನು ಎಲುಬಿಗೆ ಹಿಡಿದಿರುವ ನಾರುಗಳು ಹೊಸ ಜಾಗಕ್ಕೆ ಒಗ್ಗಿಕೊಳ್ಳಲಿಕ್ಕೆ ಮೂರು ನಾಲ್ಕು ತಿಂಗ್ಳು ಬೇಕು, ವಸಡಿನ ಎಲಾಸ್ಟಿಕ್ ನಾರುಗಳಿಗೆ ವರ್ಷದವರೆಗೂ ಬೇಕಾಗ್ತದೆ, ತಿರುಗಿದ ಹಲ್ಲನ್ನು ಅವು ಹಳೇ ಕಡೆಗೇ ಎಳೀತಾ ಇರ್ತವೆ. ಕೆಳಗಿನ ಮುಂದಿನ ಹಲ್ಲುಗಳಿಗೆ ಡಾಕ್ಟ್ರು ಬ್ರೇಸ್ ಬಿಚ್ಚಿದ ದಿನವೇ ಹಿಂದ್ಗಡೆ ವೈರ್ ಅಂಟಿಸಿದ್ರು, ಅದು ಒಂದು ಕೂದಲಷ್ಟೂ ಹೋಗಿಲ್ಲ. ಅದೇ ಬಾಯಿ, ಅದೇ ಎರಡು ವಾರ.

ಹಾಲೀ ಆಗಿದ್ರೆ ಸ್ವಲ್ಪ ದಾರಿ ಇತ್ತು. ಚಾರ್ಲ್ಸ್ ಹಾಲೀ 1919ರಲ್ಲಿ ಬರ್ದ ಡಿಸೈನ್, ಅಂಗುಳಿಗೆ ಅಕ್ರಿಲಿಕ್, ಮುಂದೆ ಲೇಬಿಯಲ್ ಬೋ ಅನ್ನುವ ತಂತಿ, ಆ ಬೋದ ಲೂಪನ್ನು ಪ್ಲೈಯರಲ್ಲಿ ಸ್ವಲ್ಪ ಅದುಮಿದ್ರೆ ಹಲ್ಲನ್ನು ಒಳಗೆ ತಳ್ಳಬಹುದು. ಎಸಿಕ್ಸ್ 1993ರಲ್ಲಿ ಶೆರಿಡನ್ ಅನ್ನುವವರು ತಂದದ್ದು, ಕಾಣೋದಿಲ್ಲ, ಎಲ್ರಿಗೂ ಅದೇ ಬೇಕು, ಆದ್ರೆ ಪ್ರೆಸ್ ಆದ ಮೇಲೆ ಅದನ್ನು ಹಾಲೀ ತಂತಿ ಹಾಗೆ ಬಗ್ಗಿಸ್ಲಿಕ್ಕೆ ಬರೋದಿಲ್ಲ.

ಡಾಕ್ಟ್ರು ಹೊಸ ಇಂಪ್ರೆಷನ್ ತೆಗ್ದು ಅಲ್ಲೇ ಪೋರ್ ಮಾಡಿ ಕೊಟ್ರು. ರಾತ್ರಿ ಲ್ಯಾಬಲ್ಲಿ ಆ ಲ್ಯಾಟರಲ್ ಒಂದನ್ನೇ ಗರಗಸದಲ್ಲಿ ಕೊಯ್ದು ತೆಗ್ದೆ, ಪಕ್ಕದ ಸೆಂಟ್ರಲ್ ಹಲ್ಲಿನ ಅಂಚು ಹೋಗ್ಬಾರ್ದು, ಸ್ಟೋನ್ ಪುಡಿ ಊದ್ತಾ ಊದ್ತಾ ಕೊಯ್ಯೋದು. ಡಾಕ್ಟ್ರು ಹೇಳಿದ ಹಾಗೆ ಪೂರ್ತಿ ತಿರುಗಿಸದೆ ಅರ್ಧ ಮಾತ್ರ ತಿರುಗಿಸಿ ವ್ಯಾಕ್ಸಲ್ಲಿ ಕೂರಿಸಿದೆ. ವ್ಯಾಕ್ಸ್ ಮೇಲೆ ಬಿಸಿ ಪ್ಲಾಸ್ಟಿಕ್ ಶೀಟ್ ಪ್ರೆಸ್ ಮಾಡಿದ್ರೆ ಬಿಸಿಗೆ ಕರಗ್ತದೆ, ಅದಕ್ಕೆ ಡೂಪ್ಲಿಕೇಟ್ ಮಾಡಿ ಸ್ಟೋನ್ ಗಟ್ಟಿಯಾಗುವವರೆಗೆ ಕಾಯ್ಬೇಕು. ಹೀಟರ್ ಆನ್ ಮಾಡುವ ಹೊತ್ತಿಗೆ ಕರೆಂಟ್ ಹೋಯ್ತು, ನಮ್ಮ ಇನ್‌ವರ್ಟರಲ್ಲಿ ಆ ಮೆಷಿನ್ ಎಳೆಯೋದಿಲ್ಲ. ಕತ್ತಲಲ್ಲಿ ಕೂತು ಅವ್ಳ ಫ್ಲೈಟಿನ ಟೈಮ್ ಲೆಕ್ಕ ಹಾಕಿದ್ದೇ ಹಾಕಿದ್ದು. ಕರೆಂಟ್ ಬಂದ ಮೇಲೆ ಶೀಟ್ ಕಾಯ್ತು, ಕಾವಲಿಯಿಂದ ಎತ್ತಿದ ನೀರ್‌ದೋಸೆ ಹಾಗೆ ಮಧ್ಯ ಜೋಲು ಬಿತ್ತು, ಇಳಿಸಿದೆ, ಸರಿ ಬಂತು. ಬೆಳಿಗ್ಗೆ ಡಾಕ್ಟ್ರು ತಮ್ಮ ಡ್ಯೂಟಿ ದಿನ ಅಲ್ಲದಿದ್ರೂ ಬಂದು ಹಾಕಿ ನೋಡಿದ್ರು. ಮೊದ್ಲು ಈ ಹೊಸದು, ಹಲ್ಲು ಅರ್ಧ ದಾರಿ ಬಂದ ಮೇಲೆ ನಾವು ಮೊದ್ಲು ಮಾಡಿದ್ದೇ ರಿಟೇನರ್. ಅದು ಡಿಬಾಂಡ್ ದಿನದ, ಅಂದ್ರೆ ಬ್ರೇಸ್ ಬಿಚ್ಚಿದ ದಿನದ ಹಲ್ಲಿಗೆ ಮಾಡಿದ್ದಲ್ವಾ, ಬಿಸಾಡುವ ಅಗತ್ಯವೇ ಇರ್ಲಿಲ್ಲ. ದುಬೈಯಿಂದ ಅವ್ಳು ಡಾಕ್ಟ್ರಿಗೆ ಫೋಟೋ ಕಳ್ಸಿದ್ಳಂತೆ, ಎರಡ್ನೇದು ಪೂರ್ತಿ ಕೂತಿದೆ.

ಹೊರಡುವ ಮೊದ್ಲು, "ಅಣ್ಣ, ಬಿಸಿನೀರಲ್ಲಿ ಹಾಕಿ ತೊಳೀಬಹುದಾ" ಅಂತ ಕೇಳಿದ್ಳು, ನರ್ಸ್ ಅಲ್ವಾ, ಕುದಿಸಿದ್ರೇ ಕ್ಲೀನ್ ಅಂತ ಅಭ್ಯಾಸ. ಬೇಡವೇ ಬೇಡ ಅಂದೆ. ಬಿಸಿಯಲ್ಲೇ ಆ ಶೀಟನ್ನು ಮೆತ್ತಗೆ ಮಾಡಿ ಆಕಾರ ಕೊಡೋದು ನಾವು, ಬಿಸಿಯಲ್ಲೇ ಆಕಾರ ಹೋಗ್ತದೆ. ತಣ್ಣೀರು, ಮೆತ್ತಗಿನ ಬ್ರಷ್ ಸಾಕು. ಅಲ್ಲಿಯ ಬಿಸಿಲಲ್ಲಿ ಕಾರೊಳಗೆ ಬಿಟ್ಟು ಹೋಗ್ಬಾರ್ದು. ಊಟಕ್ಕೆ ತೆಗ್ದಾಗ ಡಬ್ಬಿಗೇ ಹಾಕ್ಬೇಕು, ಟಿಶ್ಯೂನಲ್ಲಿ ಸುತ್ತಿ ಇಡ್ಬಾರ್ದು, ನಮ್ಮಲ್ಲಿ ಮದುವೆ ಸೀಸನ್ ಮುಗಿದ ಕೂಡ್ಲೇ ಬರುವ ರಿಪೀಟ್ ಆರ್ಡರ್ ಸುಮಾರಷ್ಟು ಮದುವೆ ಹಾಲ್‌ನಲ್ಲಿ ಬಾಳೆಎಲೆ ಒಟ್ಟಿಗೆ ಎತ್ತಿ ಹೋದವುಗಳದ್ದೇ.

ಇಷ್ಟೆಲ್ಲ ಆಗಿ ತಿಂಗಳ ಕೊನೆಗೆ ಬಿಲ್ ನೋಡಿದ್ರೆ ಆ ಕೇಸಿಗೆ "ಲ್ಯಾಬ್ ಎರರ್, ರೀಮೇಕ್" ಅಂತ ಬರ್ದು ದುಡ್ಡು ಕಟ್ ಮಾಡಿದ್ರು. ನಮ್ಮ ಓನರ್ ಆ ಕ್ಲಿನಿಕ್ಕಿನ ಅಕೌಂಟ್ ಕೈತಪ್ಪಿ ಹೋಗ್ತದೆ ಅಂತ ಸುಮ್ಮನಿದ್ರು. ನಾನು ಸುಮ್ಮನಿರ್ಲಿಲ್ಲ, ಜಗಳ ಮಾಡಿ ನಮ್ಮ ಸ್ಲಿಪ್ಪಲ್ಲಿ ಡಿಬಾಂಡ್ ಡೇಟ್ ಅಂತ ಹೊಸ ಕಾಲಂ ಹಾಕ್ಸಿದೆ. ದುಡ್ಡು ಬಾಕಿ ಇದ್ರೆ ಬ್ರೇಸ್ ಬಿಚ್ಚುವ ಮೊದ್ಲು ಕೇಳಿ, ಬಿಚ್ಚಿದ ಮೇಲೆ ಕಾಸ್ಟ್ ಹಿಡ್ಕೊಂಡು ಕೂರ್ಬೇಡಿ, ಅಷ್ಟು ಸಾಮಾನ್ಯ ವಿಷಯವನ್ನೂ ನಾವು ಲ್ಯಾಬಿನವರು ಹೇಳ್ಬೇಕಾ? ಬೆಳಿಗ್ಗೆ ಇಂಪ್ರೆಷನ್ ಕೊಟ್ರೆ ಎಸಿಕ್ಸ್ ಸಂಜೆಗೆ ಕೊಡ್ತೇವೆ, ಅದೆಂಥ ದೊಡ್ಡ ಕೆಲ್ಸವೂ ಅಲ್ಲ. ಪೇಶಂಟ್‌ಗಳೂ ಬ್ರೇಸ್ ಬಿಚ್ಚುವ ಅಪಾಯಿಂಟ್ಮೆಂಟ್ ಕೊಟ್ಟಾಗ್ಲೇ ರಿಟೇನರ್ ಯಾವತ್ತು ಕೈಗೆ ಸಿಕ್ತದೆ ಅಂತ ಕೇಳಿ, ಮರುವಾರ ಅಂದ್ರೆ ಬಿಚ್ಚೋದನ್ನೂ ಮರುವಾರಕ್ಕೇ ಹಾಕ್ಲಿಕ್ಕೆ ಹೇಳಿ.

ಆ ಕಾಲಂ ಖಾಲಿ ಬಿಟ್ಟು ಕಳ್ಸುವವರು ಈಗ್ಲೂ ಇದ್ದಾರೆ. ಅಂಥಾ ಸ್ಲಿಪ್ ಬಂದ್ರೆ ನಾನು ಮೊದ್ಲು ರಿಸೆಪ್ಷನ್ ಬಿಟ್ಟು ನೇರ ಡಾಕ್ಟ್ರಿಗೇ ಫೋನ್ ಹಾಕ್ತೇನೆ, ಡೇಟ್ ಸಿಕ್ಕಿದ ಮೇಲೆಯೇ ಹೀಟರ್ ಆನ್.