ಲವಂಗ ಮಸಾಲೆಯಲ್ಲವಂತೆ

"ಇದು ಮಸಾಲೆಯಲ್ಲ, ಇದು ಕೋಸಿಗೆ ಹಾಕುವುದು." ಕೆಳಗಿನ ಮನೆಯ ಅಜ್ಜಿ ಈ ವಾರದ ಆರಂಭದಲ್ಲಿ ಆಡಿದ ಈ ಮಾತು ವಾರ ಮುಗಿಯುತ್ತ ಬಂದರೂ ನನ್ನನ್ನು ಬಿಟ್ಟಿಲ್ಲ. ಆ ಹೊತ್ತಿನಲ್ಲಿ ಅವರ ಎಡಗೈಯಲ್ಲಿ ಸಿಪ್ಪೆ ಸುಲಿದ ಈರುಳ್ಳಿಯಿತ್ತು. ಬಲಗೈಯ ಹೆಬ್ಬೆರಳು ಲವಂಗಗಳನ್ನು ಒಂದೊಂದಾಗಿ ಅದರ ಮೈಗೆ ಚುಚ್ಚುತ್ತಿತ್ತು. ಅದಕ್ಕೂ ಅರೆಗಳಿಗೆ ಮೊದಲು ಅವರೇ, ನನ್ನ ಮೇಲಿನ ನಿಜವಾದ ಕಾಳಜಿಯಿಂದ, "ನಿಮಗೆ ಇದು ಸಪ್ಪೆ ಎನಿಸಬಹುದು, ನಮ್ಮ ಅಡುಗೆಯಲ್ಲಿ ಮಸಾಲೆ ಇರುವುದಿಲ್ಲ ನೋಡಿ" ಎಂದಿದ್ದರು. "ಹಾಗಾದರೆ ನಿಮ್ಮ ಕೈಯಲ್ಲಿರುವುದೇನು?" ಎಂದು ನಾನು ಕೇಳಿದೆ. ಅವರು ಕೈಯನ್ನೊಮ್ಮೆ ನೋಡಿಕೊಂಡು, ನನ್ನನ್ನೊಮ್ಮೆ ನೋಡಿ, ಇಷ್ಟು ಸರಳವಾದದ್ದನ್ನೂ ವಿವರಿಸಬೇಕಾಯಿತಲ್ಲ ಎಂಬ ದನಿಯಲ್ಲಿ ಆ ಉತ್ತರ ಕೊಟ್ಟು, ಈರುಳ್ಳಿಯನ್ನು ಪಾತ್ರೆಯೊಳಗೆ ಇಳಿಬಿಟ್ಟರು.

ನಾನಿರುವ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ನವೆಂಬರ್ 11 ಸಂತ ಮಾರ್ಟಿನನ ದಿನ. ಸಂಜೆ ಮಕ್ಕಳು ಕಾಗದದ ಲಾಂದ್ರ ಹಿಡಿದು ಹಾಡುತ್ತ ಬೀದಿಯಲ್ಲಿ ಸಾಗುತ್ತಾರೆ; ಮನೆಗಳಲ್ಲಿ ಬಾತು ಜಾತಿಯ ದೊಡ್ಡ ಹಕ್ಕಿಯನ್ನು ಒಲೆಯೊಳಗಿಟ್ಟು ಹುರಿಯುತ್ತಾರೆ, ಜೊತೆಗೆ ಆಲೂಗಡ್ಡೆಯ ದೊಡ್ಡ ಉಂಡೆಗಳು ಮತ್ತು ಕೆಂಪು ಕೋಸು. ಬಿಷಪ್ ಪದವಿ ಬೇಡವೆಂದು ಮಾರ್ಟಿನ್ ಹಕ್ಕಿಗಳ ಗೂಡಿನಲ್ಲಿ ಅಡಗಿದ್ದಾಗ ಅವು ಕೂಗಿ ಅವನನ್ನು ಹಿಡಿದುಕೊಟ್ಟವು, ಅದಕ್ಕೇ ಈ ಶಿಕ್ಷೆ ಎಂಬುದು ಕಥೆ. ಹಕ್ಕಿಯ ಗೊಡವೆ ನನಗಿಲ್ಲ. ಶಿರಸಿ ಕಡೆಯ ಮನೆಯಲ್ಲಿ ಬೆಳೆದ ನನಗೆ ಆ ಊಟವೆಂದರೆ ಉಂಡೆ ಮತ್ತು ಕೋಸು ಮಾತ್ರ. ಇದನ್ನು ತಿಳಿದಿದ್ದ ಅಜ್ಜಿ ಹಕ್ಕಿಯ ಕೊಬ್ಬಿನಲ್ಲಿ ಬೇಯಿಸುವ ದೊಡ್ಡ ಪಾತ್ರೆಯ ಪಕ್ಕದಲ್ಲಿ ನನಗೆಂದೇ ಒಂದು ಚಿಕ್ಕ ಪಾತ್ರೆಯಿಟ್ಟು, ಅದಕ್ಕೆ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಕಾಯಿಸಿದ ಬೆಣ್ಣೆಯನ್ನು, ಅಂದರೆ ತುಪ್ಪವನ್ನೇ, ಹಾಕಿದ್ದರು. ಸಸ್ಯಾಹಾರವೆಂದರೆ ಕೋಳಿಯನ್ನೂ ತಿನ್ನುವುದಿಲ್ಲವೇ ಎಂದು ಕೇಳುವವರನ್ನು ಈ ದೇಶದಲ್ಲಿ ಬಹಳ ಕಂಡಿದ್ದೇನೆ. ಎರಡನೆಯ ಪಾತ್ರೆಯಿಡುವವರು ಅಪರೂಪ.

ಅಡುಗೆ ಹಬ್ಬದ ಹಿಂದಿನ ಸಂಜೆಯೇ ನಡೆಯುತ್ತದೆ, ಏಕೆಂದರೆ ಈ ಕೋಸು ಮರುದಿನ ಬಿಸಿ ಮಾಡಿದಾಗಲೇ ರುಚಿ. ಕೋಸು ನಗರದ ಉತ್ತರಕ್ಕೆ, ಫ್ಯೂರ್ತ್ ಮತ್ತು ಎರ್ಲಾಂಗೆನ್‌ಗಳ ನಡುವೆ ಹರಡಿರುವ ಕ್ನೋಬ್ಲೌಖ್ಸ್‌ಲಾಂಡ್ ಎಂಬ ತರಕಾರಿ ಬಯಲಿನದು. ಒಂದು ಕಿಲೋ ಕೋಸಿನ ನಡುದಂಟನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ದಾರದಂತೆ ಸಣ್ಣಗೆ ಹೆಚ್ಚಿ, ಉಪ್ಪು, ಒಂದು ಚಮಚ ಸಕ್ಕರೆ ಮತ್ತು ನಾಲ್ಕೈದು ಚಮಚ ವಿನೆಗರ್ ಹಾಕಿ ಕೈಯಿಂದ ಚೆನ್ನಾಗಿ ಹಿಸುಕಿ ಇಡಬೇಕು. ಕೊಬ್ಬಿನಲ್ಲಿ ಹೆಚ್ಚಿದ ಈರುಳ್ಳಿಯನ್ನು ಬಾಡಿಸಿ, ಕೋಸು ಸೇರಿಸಿ, ಹುಳಿಯಾದ ಎರಡು ಸೇಬುಗಳನ್ನು ತುಂಡು ಮಾಡಿ ಹಾಕಬೇಕು. ಅಜ್ಜಿಯ ಪ್ರಕಾರ ಸೇಬೆಂದರೆ ಬಾಸ್ಕೋಪ್ ಒಂದೇ. 1856ರಲ್ಲಿ ಹಾಲೆಂಡಿನ ಆ ಹೆಸರಿನ ಊರಿನಲ್ಲಿ ಕಂಡುಬಂದ ತಳಿಯಿದು, ಒರಟು ಸಿಪ್ಪೆ, ಹಲ್ಲು ಜುಮ್ಮೆನ್ನುವ ಹುಳಿ, ಬೆಂದರೆ ಕರಗಿ ಕೋಸಿಗೆ ಹೊಳಪು ಕೊಡುತ್ತದೆ. ಆಮೇಲೆ ಒಂದು ಲೋಟ ಕೆಂಪು ವೈನ್ ಅಥವಾ ಸೇಬಿನ ರಸ, ಲಾರೆಲ್ ಮರದ ಎರಡು ಒಣ ಎಲೆ (ನಮ್ಮ ಪಲಾವ್ ಎಲೆಗಿಂತ ಚಿಕ್ಕದು, ಬೇರೆಯೇ ಮರದ್ದು), ಜುನಿಪರ್ ಎಂಬ ಪೊದೆಯ ಐದಾರು ಒಣ ಕಾಯಿ, ಕೆಲವು ಕಾಳುಮೆಣಸು, ಒಂದು ತುಂಡು ದಾಲ್ಚಿನ್ನಿ, ಮತ್ತು ಆ ಲವಂಗ ಚುಚ್ಚಿದ ಈರುಳ್ಳಿ. ಇಷ್ಟನ್ನೂ ಹಾಕುತ್ತ ಹಾಕುತ್ತಲೇ ನಮ್ಮದು ಮಸಾಲೆಯಿಲ್ಲದ ಅಡುಗೆ ಎಂದು ಒಬ್ಬರು ನಂಬಿರಲು ಹೇಗೆ ಸಾಧ್ಯವೆಂದು ನಾನು ಅಲ್ಲೇ ನಿಂತು ಎಣಿಸುತ್ತಿದ್ದೆ.

ವಿನೆಗರ್ ಮೊದಲೇ ಬೀಳಬೇಕೆಂಬುದಕ್ಕೆ ಕಾರಣವಿದೆ. ಕೆಂಪು ಕೋಸಿನ ಬಣ್ಣ ಆಂಥೋಸಯನಿನ್ ಎಂಬ ವರ್ಣದ್ರವ್ಯದ್ದು. ಅದು ಹುಳಿಯಲ್ಲಿ ಕೆಂಪಾಗಿ, ಹುಳಿಯಿಲ್ಲದಲ್ಲಿ ನೇರಳೆಯಾಗಿ, ಕ್ಷಾರದಲ್ಲಿ ನೀಲಿ-ಹಸಿರಾಗಿ ತೋರುತ್ತದೆ. ಗಡಸು ನೀರಿನಲ್ಲಿ ಬರಿದೇ ಬೇಯಿಸಿದರೆ ಕೋಸು ಮಾಸಿದ ನೀಲಿಗೆ ತಿರುಗಿ, ತಿನ್ನಲು ಮನಸ್ಸೇ ಬಾರದಂತಾಗುತ್ತದೆ. ಅಜ್ಜಿಗೆ ಆಂಥೋಸಯನಿನ್ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಬೋಗುಣಿಯಲ್ಲಿ ನೀಲಿಯಾಡುತ್ತಿದ್ದ ಕೋಸಿನ ಮೇಲೆ ವಿನೆಗರ್ ಸುರಿದು, ಅದು ಬಿದ್ದಲ್ಲೆಲ್ಲ ಕೆಂಪು ಹರಿಯುವುದನ್ನು ತೋರಿಸಿ, ಹುಬ್ಬೇರಿಸಿದರು. ಆದರೆ ಇದೇ ಹುಳಿ ಕೋಸನ್ನು ಬೇಗ ಮೆತ್ತಗಾಗಲು ಬಿಡುವುದಿಲ್ಲ. ಹುಣಸೆರಸ ಮೊದಲೇ ಬಿದ್ದರೆ ತೊಗರಿಬೇಳೆ ಬೇಯದೆ ಹಟ ಹಿಡಿಯುವ ಹಾಗೆ, ಇಲ್ಲಿಯೂ ಎಲೆಯ ಗೋಡೆಗಳು ಹುಳಿಯಲ್ಲಿ ಗಟ್ಟಿಯಾಗಿಯೇ ನಿಲ್ಲುತ್ತವೆ. ಆದ್ದರಿಂದಲೇ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ; ಆಗಾಗ ಒಂದು ಸೌಟು ನೀರು, ತಳ ಹಿಡಿಯದಂತೆ ಒಮ್ಮೊಮ್ಮೆ ತಿರುವುವುದು, ಅಷ್ಟೇ ಕೆಲಸ. ನಿಧಾನದ ಅಡುಗೆಯನ್ನು ತಪಸ್ಸಿನ ಹಾಗೆ ವರ್ಣಿಸುವವರ ಮಾತು ನನಗೆ ಹಿಡಿಸುವುದಿಲ್ಲ. ಆ ಒಂದೂವರೆ ಗಂಟೆಯಲ್ಲಿ ಅಜ್ಜಿ ಬಟ್ಟೆ ಮಡಚಿದರು, ಎರಡು ಫೋನ್ ಕರೆಗಳಿಗೆ ಉತ್ತರಿಸಿದರು, ಮೂರನೆಯ ಮಹಡಿಯವರು ಮೆಟ್ಟಿಲು ತೊಳೆಯುವುದಿಲ್ಲವೆಂದು ನನ್ನ ಬಳಿ ದೂರಿದರು. ವಾರದ ದಿನಗಳಲ್ಲಿ ಅವರು ಅಂಗಡಿಯ ಬಾಟಲಿಯ ಕೋಸನ್ನೇ ಬಿಸಿ ಮಾಡಿಕೊಂಡು ಉಣ್ಣುತ್ತಾರೆ. ಕಪಾಟಿನಲ್ಲಿ ಬಾಟಲಿಗಳ ಸಾಲೇ ಇದೆ, ಅದನ್ನು ಮುಚ್ಚಿಡುವ ಪ್ರಯತ್ನವೂ ಅವರಲ್ಲಿಲ್ಲ.

ಮರುದಿನ ಊಟಕ್ಕೆ ಅವರ ತಂಗಿ, ತಂಗಿಯ ಗಂಡ ಮತ್ತು ಒಬ್ಬ ಸೋದರಳಿಯ ಬಂದಿದ್ದರು. ಸೋದರಳಿಯ ಒಳ್ಳೆಯವನೇ, ಆದರೆ ಭಾರತದ ಬಗ್ಗೆ ಮಾತನಾಡದಿದ್ದರೆ ಇನ್ನೂ ಒಳ್ಳೆಯವನು. ರಾಜಸ್ಥಾನವನ್ನು ನೋಡಿ ಬಂದ ಮೇಲೆ ಖಾರ ತಿನ್ನುವುದನ್ನು ಒಂದು ಸಾಹಸವೆಂದು ಆತ ನಂಬಿದ್ದಾನೆ. ನನ್ನ ತಟ್ಟೆಗೆ ಕೋಸು ಬೀಳುತ್ತಿದ್ದಂತೆ, "ನಮ್ಮವರಿಗೆ ಮಸಾಲೆಯೆಂದರೆ ಉಪ್ಪು, ಧೈರ್ಯ ಹೆಚ್ಚಿದ್ದರೆ ಕಾಳುಮೆಣಸು" ಎಂದ. ಎಲ್ಲರೂ ನಕ್ಕರು, ಅಜ್ಜಿಯೂ. ನಾನು ಬಾಯಿಗಿಟ್ಟ ತುತ್ತಿನಲ್ಲಿ ಮೊದಲು ಸೇಬಿನ ಸಿಹಿ, ಅದರ ಬೆನ್ನಿಗೆ ವಿನೆಗರಿನ ಹುಳಿ, ಆಮೇಲೆ ನಾಲಿಗೆಯ ಹಿಂಬದಿಯಲ್ಲಿ ನಿಧಾನವಾಗಿ ಏರುವ ಲವಂಗದ ಬಿಸುಪು, ಕೊನೆಯಲ್ಲಿ ಜುನಿಪರಿನ ಕಹಿ. ಇದನ್ನು ಸಪ್ಪೆ ಎನ್ನುವ ನಾಲಿಗೆಗೆ ಏನಾಗಿದೆಯೋ ತಿಳಿಯದು.

ಆದರೂ ಸೋದರಳಿಯ ಸುಳ್ಳು ಹೇಳುತ್ತಿರಲಿಲ್ಲ, ಅಜ್ಜಿಯೂ ಹೇಳಿರಲಿಲ್ಲ. ಯೋಚಿಸುತ್ತ ಹೋದಂತೆ ಇದರ ಗುಟ್ಟು ಬಡಿಸುವ ಮುನ್ನದ ಒಂದು ಕೆಲಸದಲ್ಲಿದೆಯೆಂದು ನನಗೆ ತೋರಿತು. ಪಾತ್ರೆಯನ್ನು ಮೇಜಿಗೆ ತರುವ ಮೊದಲು ಅಜ್ಜಿ ಆ ಈರುಳ್ಳಿಯನ್ನು ಲವಂಗದ ಸಮೇತ ಎತ್ತಿ ಹೊರಗೆ ಹಾಕುತ್ತಾರೆ, ಎಲೆಗಳನ್ನೂ ಚಕ್ಕೆಯನ್ನೂ ಆಯ್ದು ತೆಗೆಯುತ್ತಾರೆ, ಕಣ್ಣಿಗೆ ಬಿದ್ದ ಜುನಿಪರ್ ಕಾಯಿಗಳನ್ನೂ ಬಿಡುವುದಿಲ್ಲ. ಲವಂಗದ ಘಮವೆಲ್ಲ ಅದರ ಎಣ್ಣೆಯಲ್ಲಿರುವುದರಿಂದ, ಮತ್ತು ಆ ಎಣ್ಣೆ ಜಿಡ್ಡಿನಲ್ಲಿ ಸಲೀಸಾಗಿ ಬೆರೆಯುವುದರಿಂದ, ಒಂದೂವರೆ ಗಂಟೆಯಲ್ಲಿ ಅದು ಪಾತ್ರೆಯ ತುಂಬ ಹರಡಿಕೊಂಡಿರುತ್ತದೆ. ಉಳಿದದ್ದು ಕಡ್ಡಿ ಮಾತ್ರ. ಉಣ್ಣುವವರ ತಟ್ಟೆಯಲ್ಲಿ ಪುಡಿಯಿಲ್ಲ, ಒಗ್ಗರಣೆಯ ಕಾಳಿಲ್ಲ, ಕೆಂಪೆಣ್ಣೆ ತೇಲುವುದಿಲ್ಲ. ಎಲ್ಲಿಯೂ ಕಾಣದ್ದನ್ನು ಇದೆಯೆಂದು ಅವರು ಏಕೆ ಹೇಳಬೇಕು? ಹುಟ್ಟಿದಾರಭ್ಯ ಕೋಸಿನ ರುಚಿಯೆಂದರೆ ಲವಂಗದ ರುಚಿಯೇ ಆಗಿರುವವರಿಗೆ ಲವಂಗ ಬೇರೆಯಾಗಿ ಕೇಳಿಸುವುದೂ ಇಲ್ಲ.

ಇದೆಲ್ಲ ಬೇರೆ ಯಾವ ಊರಿನಲ್ಲಾದರೂ ನಡೆದಿದ್ದರೆ ನನಗೆ ಇಷ್ಟು ಸೋಜಿಗವಾಗುತ್ತಿರಲಿಲ್ಲ. ನ್ಯೂರೆಂಬರ್ಗ್ ಒಂದು ಕಾಲಕ್ಕೆ ಸಾಂಬಾರ ಪದಾರ್ಥಗಳ ವ್ಯಾಪಾರದಿಂದಲೂ ಸಿರಿವಂತವಾದ ನಗರ. ಇಲ್ಲಿ ಕೇಸರಿಯ ಶುದ್ಧತೆಯನ್ನು ಪರೀಕ್ಷಿಸುವ ವ್ಯವಸ್ಥೆಯಿತ್ತು. 1444ರಲ್ಲಿ ಕಲಬೆರಕೆ ಮಾಡಿದ ವ್ಯಾಪಾರಿಯೊಬ್ಬನನ್ನು ಅವನ ಕೇಸರಿಯ ಸಮೇತ ಸುಟ್ಟರು. ಲೊರೆಂಟ್ಸ್ ಚರ್ಚಿನೊಳಗೆ ಸುಮಾರು 20 ಮೀಟರ್ ಎತ್ತರಕ್ಕೆ ಬಳ್ಳಿಯಂತೆ ಏರಿ ನಿಂತಿರುವ, ಆಡಮ್ ಕ್ರಾಫ್ಟ್ ಕೆತ್ತಿದ ಕಲ್ಲಿನ ಮಂಟಪಕ್ಕೆ ಹಣ ಕೊಟ್ಟವನು ಹಾನ್ಸ್ ಇಮ್‌ಹೋಫ್, ಇಂಥ ವ್ಯಾಪಾರದಲ್ಲಿ ಬೆಳೆದ ಮನೆತನದವನು. 1505ರಲ್ಲಿ ಫ್ರಾನ್ಸಿಸ್ಕೊ ದ ಅಲ್ಮೇಡನ ನೇತೃತ್ವದಲ್ಲಿ ಲಿಸ್ಬನ್ನಿನಿಂದ ಹೊರಟ ಪೋರ್ಚುಗೀಸ್ ನೌಕಾಪಡೆಗೆ ಹಣ ಹೂಡಿದ ಜರ್ಮನ್ ವ್ಯಾಪಾರಿಗಳಲ್ಲಿ ಆಗ್ಸ್‌ಬರ್ಗಿನ ವೆಲ್ಸರ್, ಫುಗರ್ ಮನೆತನಗಳ ಜೊತೆಗೆ ಇದೇ ಇಮ್‌ಹೋಫ್ ಮನೆತನವೂ ಇತ್ತು. ಆ ಪಡೆ ನಮ್ಮ ಕಾರವಾರದ ಎದುರಿನ ಅಂಜದೀವದಲ್ಲಿ ಕೋಟೆ ಕಟ್ಟಿತು, ಹೊನ್ನಾವರದಲ್ಲಿ ಹಡಗುಗಳಿಗೆ ಬೆಂಕಿಯಿಟ್ಟಿತು, ಮಲಬಾರಿನಿಂದ ಮೆಣಸು ತುಂಬಿಸಿ ಕಳಿಸಿತು. ಅಡಿಕೆ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳ ನಡುವೆ ಬೆಳೆದ ನನಗೆ, ಅದೇ ಕಾಳುಗಳು ಬಿದ್ದ ಪಾತ್ರೆಯನ್ನು ತೋರಿಸಿ ಮಸಾಲೆಯಿಲ್ಲವೆಂದು ಸಮಾಧಾನ ಹೇಳುವವರು ಆ ಊರಿನವರೇ ಆಗಿರುವುದು ನಗು ತರಿಸದೆ ಇದ್ದೀತೇ?

ಈ ನಗುವನ್ನು ಹಂಚಿಕೊಳ್ಳಲು ಹುಬ್ಬಳ್ಳಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡ ಅಕ್ಕ, "ಅವರ ಅಡುಗೆಯಲ್ಲಿ ಮಸಾಲೆ ಎಲ್ಲಿಂದ ಬರಬೇಕು ಮಾರಾಯ್ತಿ, ನಾಲ್ಕು ಲವಂಗ ಹಾಕಿದರೆ ಆಯಿತೇನು?" ಎಂದಳು. "ಹೋಗಲಿ, ನಮ್ಮ ಅಡುಗೆಯಲ್ಲಿ ಇದೆಯೇ?" ಎಂದೆ. "ನಮ್ಮದರಲ್ಲಿ ಎಂತ ಮಸಾಲೆ? ಅದೆಲ್ಲ ಹೋಟೆಲಿನವರದು. ನಾವು ಹುಳಿಗೆ ಕೊತ್ತಂಬರಿ, ಉದ್ದಿನಬೇಳೆ, ಮೆಂತ್ಯ, ಮೆಣಸಿನಕಾಯಿ ಹುರಿದು ಕಾಯಿ ಜೊತೆ ಬೀಸಿ ಹಾಕುವುದು, ಅಷ್ಟೆ." ದನಿ ಮಾತ್ರ ಅಕ್ಕನದು, ಮಾತು ನೂರಕ್ಕೆ ನೂರು ಕೆಳಗಿನ ಮನೆಯದು. ನಮ್ಮ ಅಜ್ಜಿಯೂ ಹಾಗೆಯೇ ಹೇಳುತ್ತಿದ್ದಳು: ಚಕ್ಕೆ, ಲವಂಗ, ಬೆಳ್ಳುಳ್ಳಿ ಇದ್ದರೆ ಅದು ಮಸಾಲೆ, ಜೀರಿಗೆ ಮತ್ತು ಕಾಳುಮೆಣಸು ಅರೆದು ಮಜ್ಜಿಗೆಯಲ್ಲಿ ಕದಡಿದರೆ ಅದು ತಂಬುಳಿ, ಅದರಲ್ಲಿ ಮಸಾಲೆಯ ಪ್ರಶ್ನೆಯೇ ಇಲ್ಲ. ಎರ್ಲಾಂಗೆನ್‌ನಲ್ಲಿ ನಮ್ಮವರು ಸೇರಿದಾಗಲೆಲ್ಲ ಈ ದೇಶದವರ ಊಟವನ್ನು ಆಡಿಕೊಂಡು ಚಟ್ನಿಪುಡಿಯ ಡಬ್ಬಿಯನ್ನು ಮುಂದೆ ಸರಿಸುವುದುಂಟು. ಅವರಲ್ಲಿ ಬಹಳ ಮಂದಿ ಇಲ್ಲಿನ ಮನೆಯೊಂದರ ಅಡುಗೆಯನ್ನು ಉಂಡೇ ಇಲ್ಲ. ಕಚೇರಿಯ ಕ್ಯಾಂಟೀನಿನ ಪಾಸ್ತಾ ತಿಂದು ಯುರೋಪಿಗೆ ರುಚಿಯಿಲ್ಲವೆಂದು ತೀರ್ಪು ಕೊಟ್ಟವರು. ಡೆನ್ಮಾರ್ಕಿನಲ್ಲಿ ಕ್ರಿಸ್‌ಮಸ್ ಮುನ್ನಾದಿನ ಇದೇ ಕೋಸು, ಪೋಲೆಂಡಿನ ಸೈಲೀಷಿಯಾದಲ್ಲಿ ಭಾನುವಾರದ ಊಟಕ್ಕೆ ಇದೇ ಕೋಸು. ಒಂದು ಮನೆಯಲ್ಲಾದರೂ ಕುಳಿತು ಉಂಡು ಆಮೇಲೆ ಮಾತನಾಡಲಿ.

ಇಷ್ಟಾದ ಮೇಲೆ ಅಕ್ಕ ತಾನೂ ಮಾಡಿ ನೋಡುತ್ತೇನೆಂದಳು. ಅವರ ಬಡಾವಣೆಯ ತರಕಾರಿ ಅಂಗಡಿಯಲ್ಲಿ ಕೆಂಪು ಕೋಸು ಸಲಾಡಿಗೆಂದು ಬರುತ್ತದೆಯಂತೆ. ತುಪ್ಪ ಸಾಕು, ವೈನ್ ಬೇಡ, ಸೇಬಿನ ರಸ ಹಾಕು, ಜುನಿಪರ್ ಸಿಗದಿದ್ದರೆ ಬಿಡು, ಸಿಮ್ಲಾ ಸೇಬು ಸಿಹಿಯಾಗಿದ್ದರೆ ಅರ್ಧ ನಿಂಬೆಹಣ್ಣು ಹಿಂಡು, ಕುಕ್ಕರ್ ಮುಟ್ಟಬೇಡ ಎಂದು ಹೇಳಿಕೊಟ್ಟೆ. ಎಲ್ಲವನ್ನೂ ಬರೆದುಕೊಂಡು, "ನಾಲ್ಕು ಹಸಿಮೆಣಸು ಸೀಳಿ ಹಾಕಲೇ?" ಎಂದು ಕೇಳಿದಳು. ಹಾಕಬೇಡವೆನ್ನಲು ಬಾಯಿ ತೆರೆದವಳು ಸುಮ್ಮನಾದೆ. ಹಾಕಿಕೊಳ್ಳಲಿ, ಆದರೆ ಉರಿ ಹೊತ್ತಿಸುವ ಮೊದಲೇ ವಿನೆಗರ್ ಬೀಳಬೇಕು, ಇಲ್ಲದಿದ್ದರೆ ಬಣ್ಣ ಕೆಡುತ್ತದೆ ಎಂದೆ.