ಆರನೇ ದಿನ ಏನು ಹೊಳೆಯಿತು?

"ಹತ್ತು ದಿನ ಬಾಯಿ ಮುಚ್ಚಿಕೊಂಡು ಕೂತಿದ್ಯಲ್ಲ, ಏನಾದ್ರೂ ಹೊಳೀತಾ?" ವಿಪಶ್ಯನದ ಮೌನ ಧ್ಯಾನ ಶಿಬಿರಕ್ಕೆ ಹೋಗಿಬಂದವರಿಗೆ ತಪ್ಪದ ಪ್ರಶ್ನೆ. ಬೆನ್ನಿಗೇ ಇನ್ನೊಂದು: "ಹಂಗೆ ಥಟ್ಟಂತ ಹೊಳೆದದ್ದನ್ನ ನಂಬಬಹುದಾ?" ಬುದ್ಧ ಲಾಟರಿ ನಂಬರು ಕೊಟ್ಟು ಕಳಿಸಿದ್ದಾನೇನೋ ಅನ್ನುವ ಧಾಟಿ. ಅದೂ ಮದುವೆ ಮನೆಯಲ್ಲಿ, ಕೈಯಲ್ಲಿ ಹೋಳಿಗೆ ಹಿಡಿದು. ಇನ್ನು ಬಾಯಲ್ಲಿ ಹೇಳುವುದಿಲ್ಲ. ಬೇಕಾದವರು ಓದಿಕೊಳ್ಳಿ.

ಹೊಳೆಯಿತು. ಆರನೇ ದಿನ. ಬೆಳಗಿನ ಜಾವ 4ಕ್ಕೆ ಗಂಟೆ, 4.30ಕ್ಕೆ ಕೂತಿದ್ದು. ಮಂಡಿನೋವು ಕರಗಿದಂತಾಯಿತು, ಮುಚ್ಚಿದ ಕಣ್ಣೊಳಗೆಲ್ಲ ಬೆಳ್ಳಗೆ ಬೆಳಕು. 'ಅಣ್ಣನನ್ನು ಕ್ಷಮಿಸಿಬಿಡು.' ಮನೆ ಪಾಲಾದಾಗ ಮಾತು ಬಿಟ್ಟು 9 ವರ್ಷವಾಗಿತ್ತು. ಅತ್ತುಬಿಟ್ಟೆ. ಅಲ್ಲಿ ಪೆನ್ನು, ಕಾಗದ ಇಟ್ಟುಕೊಳ್ಳುವಂತಿಲ್ಲ. ಮರೆತೀತೆಂದು ನಾಲ್ಕು ದಿನ ವೇದನೆ, ಅಂದರೆ ಮೈಯಲ್ಲಿ ಏಳುವ ಸಂವೇದನೆ, ನೋಡುವುದು ಬಿಟ್ಟು ಅದನ್ನೇ ಮೆಲುಕು ಹಾಕಿದೆ.

ಫೋನ್ ಕೈಗೆ ಬಂದದ್ದೇ ಗೇಟಿನ ಹೊರಗೆ ನಿಂತು ಮಾಡಿದೆ. "ಅಣ್ಣಾ, ನಿನ್ನನ್ನ ಕ್ಷಮಿಸಿದ್ದೀನಿ."

ಆ ಕಡೆ ಕುಕ್ಕರ್ ಸೀಟಿ. "ನೀನು? ನನ್ನನ್ನ?" ಫೋನ್ ಕಟ್.

5ನೇ ಶತಮಾನದ ಬೌದ್ಧ ಪಂಡಿತ ಬುದ್ಧಘೋಷ ವಿಸುದ್ಧಿಮಗ್ಗವೆಂಬ ಗ್ರಂಥದಲ್ಲಿ 10 ಉಪಕ್ಕಿಲೇಸಗಳನ್ನು ಎಣಿಸಿದ್ದಾನೆ, ವಿಪಶ್ಯನದ ದಾರಿಯಲ್ಲಿ ಮೆತ್ತಿಕೊಳ್ಳುವ ಕೊಳೆಗಳನ್ನು. ಮೊದಲನೆಯದೇ ಓಭಾಸ, ಬೆಳಕು. ಪೀತಿ ಅನ್ನುವ ಹಿಗ್ಗು, ಸುಖ, ಗಟ್ಟಿ ನಂಬಿಕೆ ಎಲ್ಲ ಅದರಲ್ಲಿವೆ. ಕೊನೆಯದು ನಿಕಂತಿ, ಇವುಗಳ ಮೇಲೇ ಹುಟ್ಟುವ ಮೋಹ. ಓದಿ ಸಿಟ್ಟು ಬಂತು. ಬೆಳಕು ಬಂದದ್ದು ಸುಳ್ಳಲ್ಲ ಸ್ವಾಮಿ!

"ಹಂಗಾದ್ರೆ ಆನಂದನದ್ದು?" ಅಂತ ಓದಿಕೊಂಡವರು ಎಳೆಯುತ್ತಾರೆ. ಹೌದು, ಬುದ್ಧನ ಶಿಷ್ಯ ಆನಂದನಿಗೆ ರಾಜಗೃಹದ ಮೊದಲ ಸಂಗೀತಿಯ, ಅಂದರೆ ಭಿಕ್ಷುಗಳ ಮಹಾಸಭೆಯ, ಹಿಂದಿನ ರಾತ್ರಿ ಜ್ಞಾನೋದಯವಾದದ್ದು ಥಟ್ಟನೆಯೇ. ಪಾದ ನೆಲ ಬಿಟ್ಟಿತ್ತು, ತಲೆ ಇನ್ನೂ ದಿಂಬು ಮುಟ್ಟಿರಲಿಲ್ಲ. ಆದರೆ ಅವನು 25 ವರ್ಷ ಬುದ್ಧನ ನೆರಳಾಗಿದ್ದವನು, ಆ ರಾತ್ರಿಯೆಲ್ಲ ಸಾಧನೆ ಮಾಡಿ ಈಗಷ್ಟೇ ಒರಗಲು ಹೊರಟವನು. ನಾನು ಆರು ದಿನದ ಗಿರಾಕಿ.

ಹೊಳೆದದ್ದನ್ನು ಏನು ಮಾಡಿದೆ ಅಂತ ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಅದು. ಬುದ್ಧ ಮಗ ರಾಹುಲನಿಗೆ ಕನ್ನಡಿಯ ಹೋಲಿಕೆ ಕೊಟ್ಟು ಹೇಳಿದ್ದೂ ಅದೇ: ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ, ಇದರಿಂದ ನಿನಗೋ ಇನ್ನೊಬ್ಬರಿಗೋ ನೋವಿದೆಯಾ ನೋಡಿಕೋ. ನಾನು ನೋಡಿಕೊಂಡದ್ದು ಮೂರನೆಯ ಸಲ ಮಾತ್ರ. ಪಾಲಿನ ದಿನ ಅತ್ತಿಗೆಯೆದುರು ಅಣ್ಣನನ್ನು ಕಳ್ಳ ಅಂದವನು ನಾನೇ. ಬೆಳಕಿನಲ್ಲಿ ಅದು ಕಂಡಿರಲಿಲ್ಲ.

ಯುಗಾದಿಗೆ ಅವನ ಮನೆಗೆ ಹೋದೆ. ಹೊಳೆದು ಅಲ್ಲ, ಹೆಂಡತಿ ಬೈದು.

"ಕ್ಷಮಿಸೋಕೆ ಬಂದ್ಯಾ?" ಅಂದ.

"ಇಲ್ಲ, ಊಟಕ್ಕೆ."

ಅತ್ತಿಗೆ ಇನ್ನೊಂದು ಎಲೆ ಹಾಕಿದಳು.